ಬೋನಿನ ಪರವಾಗಿ

ಮೈಸೂರಿನ ಯಾದವಗಿರಿಯ ಹಳೆಯ ಮನೆಗಳಿಗೆ ಹಿತ್ತಲು ದೊಡ್ಡದು; ತೆಂಗು, ಮಾವು ಇದ್ದಲ್ಲಿ ಇಲಿ, ಹೆಗ್ಗಣಗಳಿಗೂ ಬರವಿಲ್ಲ. ಇವುಗಳ ಕಾಟಕ್ಕೆ ಏರ್‌ಗನ್ನೇ ಮದ್ದು ಎನ್ನುವವರಿದ್ದಾರೆ. 0.177 ಇಂಚಿನ ನಳಿಕೆ, 20 ಜೌಲ್ ಮೀರದ ಶಕ್ತಿಯಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಲೈಸೆನ್ಸ್ ಬೇಡ ಎಂಬುದೂ ನಿಜ. ಅಷ್ಟಕ್ಕೇ ಅದು ಕೆಲಸಕ್ಕೆ ಒದಗುತ್ತದೆಯೇ? ಸ್ಕೋಪು ನಳಿಕೆಗಿಂತ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ದೂರಕ್ಕೆ ಹೊಂದಿಸಿಟ್ಟ ಸ್ಕೋಪಿನಲ್ಲಿ ಹತ್ತಡಿ ಆಚೆಯ ಇಲಿಗೆ ಗುರಿಯಿಟ್ಟರೆ ಗುಂಡು ಹೆಚ್ಚುಕಡಿಮೆ ಅಷ್ಟೇ ಕೆಳಗೆ ತಾಗುತ್ತದೆ. ಇಲಿಯ ತಲೆಯೇನು ಅದಕ್ಕಿಂತ ದೊಡ್ಡದೇ? ತಪ್ಪಿದ ಗುಂಡು ಕಾಂಪೌಂಡ್ ಗೋಡೆಗೆ ಬಡಿದು ಎತ್ತ ಸಿಡಿಯುತ್ತದೋ ಹೇಳಲಾಗದು.

ನನ್ನ ಮತ ತಂತಿಯ ಬೋನಿಗೆ. ಅದರ ಜಾಣ್ಮೆಯೆಲ್ಲ ಕೊಬ್ಬರಿ ಸಿಕ್ಕಿಸುವ ಕೊಕ್ಕೆಯಲ್ಲಿದೆ. ಬಾಗಿಲ ಸ್ಪ್ರಿಂಗು ಎಷ್ಟೇ ಬಿಗಿಯಿರಲಿ, ಅದನ್ನು ತಡೆದ ಸರಳಿನ ತುದಿ ಕೊಕ್ಕೆಗೆ ಕೂದಲೆಳೆಯಷ್ಟೇ ಸಿಕ್ಕಿರಬೇಕು. ಹೆಚ್ಚು ಸಿಕ್ಕಿಸಿದರೆ ಇಲಿ ಕೊಬ್ಬರಿ ತಿಂದು ಹೊರಟೇ ಹೋಗುತ್ತದೆ. ಕೊಬ್ಬರಿ ತುಸು ಸುಟ್ಟಿರಲಿ, ವಾಸನೆ ಹರಡುತ್ತದೆ. ಗಟ್ಟಿ ಚೂರಾದ್ದರಿಂದ ಎಳೆಯದೆ ಬಿಡಿಸಲೂ ಆಗದು. ಬೋನು ಇಡಬೇಕಾದದ್ದು ಗೋಡೆಯಂಚಿಗೆ, ಇಲಿ ಅಲ್ಲೇ ಮೈ ತಾಗಿಸಿಕೊಂಡು ಓಡಾಡುವ ಪ್ರಾಣಿ. ಒಂದು ಹಿಡಿದರೆ ಹತ್ತು ಉಳಿಯುತ್ತವೆ, ವಿಷವೇ ಮೇಲು ಎನ್ನಬಹುದು. ಆದರೆ ಬ್ರೋಮಡಿಯೊಲೋನ್‌ನಂಥ ಇಲಿವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ಮೇಲೆ ಕೊಲ್ಲುತ್ತದೆ. ಅಷ್ಟರಲ್ಲಿ ಆ ಇಲಿಯನ್ನು ತಿಂದ ಗೂಬೆಗೂ ವಿಷ ದಾಟಬಹುದು. ಸಂಖ್ಯೆ ತಗ್ಗಬೇಕಾದರೆ ಬಿಲ ಮುಚ್ಚಬೇಕು, ಉದುರಿದ ಹಣ್ಣು ಗುಡಿಸಬೇಕು. ಆಮೇಲೂ ಬರುವ ಕಳ್ಳನಿಗೆ ಬೋನು. ಹೆಗ್ಗಣಕ್ಕೆ ಮಾತ್ರ ಇಲಿಯ ಅಳತೆಯದು ಸಾಲದು, ಉದ್ದನೆಯದೇ ಬೇಕು.