ಕನ್ನಡಕ್ಕೆ ಯಾವ ಬಾವುಟ?

ವರ್ಜೀನಿಯಾದ ಆಶ್‌ಬರ್ನ್‌ನಲ್ಲಿರುವ ನನ್ನ ಏಳು ವರ್ಷದ ಮೊಮ್ಮಗಳು ಟ್ಯಾಬ್ಲೆಟ್ಟಿನಲ್ಲಿ ಫ್ಲ್ಯಾಶ್‌ಕಾರ್ಡ್ ನೋಡಿ ಕನ್ನಡ ಪದ ಕಲಿಯುತ್ತಾಳೆ. ಒಂದು ಬದಿಯಲ್ಲಿ ಅಮೆರಿಕದ ಬಾವುಟ, ಇಂಗ್ಲಿಷ್ ಪದ. ತಿರುಗಿಸಿದರೆ ನಮ್ಮ ತ್ರಿವರ್ಣ ಧ್ವಜ, ಕನ್ನಡ ಪದ. ಗೆಳತಿಯ ತಮಿಳು ಕಾರ್ಡಿನಲ್ಲೂ ಅದೇ ತ್ರಿವರ್ಣ. "ತಾತ, ಹಾಗಾದ್ರೆ ನಾವಿಬ್ರೂ ಮಾತಾಡೋದು ಒಂದೇ ಭಾಷೆನಾ?" ಎಂದು ಕೇಳಿದಳು. ತಪ್ಪು ಅವಳದಲ್ಲ. ಚಿತ್ರ ಹೇಳಿದ್ದನ್ನೇ ಅವಳು ಓದಿದ್ದಳು.

ಬಾವುಟ ಹೇಳುವುದು ದೇಶವನ್ನು, ನುಡಿಯನ್ನಲ್ಲ. ನಮ್ಮ ಸಂವಿಧಾನದ 8ನೇ ಅನುಸೂಚಿಯಲ್ಲಿಯೇ 22 ಭಾಷೆಗಳಿವೆ. ಎಲ್ಲಕ್ಕೂ ಒಂದೇ ಬಾವುಟ ಅಂಟಿಸಿದರೆ ಗುರುತಿನ ಕೆಲಸವೇ ಆಗುವುದಿಲ್ಲ. ಔಷಧದ ಸೀಸೆಯ ಮೇಲೆ ಔಷಧದ ಹೆಸರು ಬಿಟ್ಟು, ತಯಾರಾದ ದೇಶದ ಹೆಸರನ್ನಷ್ಟೇ ಬರೆದರೆ ಯಾವ ವೈದ್ಯನೂ ಅದನ್ನು ಮುಟ್ಟುವುದಿಲ್ಲ.

ಫೋನಿನಲ್ಲಿ ಕಾಣುವ ಬಾವುಟದ ಹಿಂದಿರುವುದು ದೇಶದ ಎರಡಕ್ಷರದ ಸಂಕೇತ: ಐ, ಎನ್ ಜೊತೆಯಾದರೆ ಭಾರತ. ಭಾಷೆಗಳಿಗೆ ಬೇರೆಯೇ ಪಟ್ಟಿಯಿದೆ. ಅದರಲ್ಲಿ ಕನ್ನಡ ಎಂದರೆ ಕೆ, ಎನ್. ದೇಶಗಳ ಪಟ್ಟಿಯಲ್ಲಿ ಅದೇ ಕೆ, ಎನ್ ಕೆರಿಬಿಯನ್ ದ್ವೀಪರಾಷ್ಟ್ರ ಸೇಂಟ್ ಕಿಟ್ಸ್ ಮತ್ತು ನೆವಿಸ್! ಆಪ್ ಬರೆಯುವವರು ಎರಡು ಪಟ್ಟಿಗಳನ್ನು ಕಲಸಿಬಿಟ್ಟರೆ ಕನ್ನಡಕ್ಕೆ ಆ ದ್ವೀಪಗಳ ಬಾವುಟ ಬರುತ್ತದೆ, ಮಲಯಾಳಕ್ಕೆ ಮಾಲಿ, ಮರಾಠಿಗೆ ಮಾರಿಟೇನಿಯ, ಸಂಸ್ಕೃತಕ್ಕೆ ಸೌದಿ ಅರೇಬಿಯ. ನಗು ಬರುತ್ತದೆ, ನಿಜ. ಆದರೆ ನುಡಿಗೂ ನಾಡಿಗೂ ಗಂಟು ಹಾಕುವ ಯೋಚನೆಯೇ ಇಲ್ಲಿಗೆ ತಂದು ನಿಲ್ಲಿಸುವುದು.

ನಮ್ಮ ಕೂಟದ ಹಿರಿಯರೊಬ್ಬರು "ಹಳದಿ-ಕೆಂಪು ಹಾಕಿದರಾಯಿತಲ್ಲ" ಎಂದರು. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಆ ಬಾವುಟ ಕಂಡರೆ ನನಗೂ ಎದೆ ತುಂಬುತ್ತದೆ. ನವೆಂಬರಿನಲ್ಲಿ ನಾನೂ ಹಿಡಿಯುತ್ತೇನೆ. ಆದರೆ 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಒಪ್ಪಿದ ನಾಡಧ್ವಜದಲ್ಲಿ ನಡುವೆ ಬಿಳಿ ಪಟ್ಟಿ, ಅದರ ಮೇಲೆ ಗಂಡಭೇರುಂಡ. ಯಾವುದನ್ನು ಹಾಕೋಣ? ಅದಕ್ಕಿಂತ ದೊಡ್ಡ ತೊಡಕೆಂದರೆ ಅದು ಕರ್ನಾಟಕದ ಬಾವುಟ. ಗೋವಿಂದ ಪೈಗಳ ಮಂಜೇಶ್ವರ 1956ರಿಂದ ಕೇರಳದಲ್ಲಿದೆ. ಅಕ್ಕಲಕೋಟೆ ಮಹಾರಾಷ್ಟ್ರದಲ್ಲಿ, ತಾಳವಾಡಿ ತಮಿಳುನಾಡಿನಲ್ಲಿ. ಅಲ್ಲಿಯವರ ಕನ್ನಡ ಯಾವ ಬಾವುಟದ ಕನ್ನಡ? ಅಟ್ಲಾಂಟಾದಲ್ಲೋ ಶಾರ್ಲೆಟ್‌ನಲ್ಲೋ ಹುಟ್ಟಿ ಬೆಳೆದ ನಮ್ಮ ಮಕ್ಕಳದ್ದು?

ವಿಕಿಪೀಡಿಯದ ಭಾಷಾಪಟ್ಟಿ ನೋಡಿ. ಬಾವುಟಗಳಿಲ್ಲ, ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿದೆ. ಅಕ್ಷರ ಬಾರದ ಮಗುವಿಗೆ ಅದು ಹೇಗೆ ತಿಳಿಯಬೇಕು ಎನ್ನುವವರಿದ್ದಾರೆ. ಮಗುವಿಗೆ ಬಾವುಟವೂ ಹುಟ್ಟಿನಿಂದ ಬಂದದ್ದಲ್ಲ, ಅದನ್ನೂ ಕಲಿತೇ ತಿಳಿಯಬೇಕು. ಕಲಿಯುವುದೇ ಆದರೆ 'ಕನ್ನಡ' ಎಂಬ ಮೂರಕ್ಷರ ಕಲಿಯಲಿ.

ಮಗ ಕೂತು ಅವಳ ಕಾರ್ಡುಗಳ ಮೇಲಿನ ಬಾವುಟ ತೆಗೆದು ಆ ಮೂರಕ್ಷರ ಹಾಕಿಕೊಟ್ಟ. ಈಗ ಅವಳ ಪ್ರಶ್ನೆ ಬೇರೆ: ನಡುವಿನ ಅಕ್ಷರದ ಕೆಳಗೆ ಜೋತುಬಿದ್ದಿದೆಯಲ್ಲ, ಅದು ಏನು?