ಕೂಗುವ ಮುನ್ನ ಕತ್ತೆತ್ತಿ ನೋಡಿ

ವಿಜಯಪುರಕ್ಕೆ ಹೋದವರು ನೇರ ಗೋಳಗುಮ್ಮಟದ ಮೆಟ್ಟಿಲು ಹತ್ತಿ, ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಕೂಗು ಹಾಕಿ, ಅದು ಎಷ್ಟು ಸಲ ಮರಳಿತೆಂದು ಎಣಿಸಿಕೊಂಡು ಇಳಿದುಬಿಡುತ್ತಾರೆ. ನಾನು ಮಾತ್ರ ಊರಿನ ಇನ್ನೊಂದು ತುದಿಯಿಂದ ಶುರುಮಾಡುತ್ತೇನೆ.

ಪಡುವಣ ಕೋಟೆಗೋಡೆಯಾಚೆ ಇಬ್ರಾಹಿಂ ರೋಜಾ ಇದೆ. ಅಲ್ಲಿನ ಶಾಸನದಲ್ಲಿ ಅದರ ನಿರ್ಮಾಣ ನೋಡಿಕೊಂಡ ಮಲಿಕ್ ಸಂದಲ್‌ನ ಹೆಸರಿದೆ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹಿಂ ಆದಿಲ್ ಶಾ ‘ಕಿತಾಬ್-ಎ-ನವರಸ್’ ಬರೆದ, ಸಂಗೀತದ ಹುಚ್ಚಿದ್ದ ದೊರೆ. ಈ ರೋಜಾ ಅವನ ಗೋರಿ; ಅದರ ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳೇ ಜಾಲಂಧ್ರ. ಅಕ್ಷರವನ್ನು ಉಳಿಸಿಕೊಂಡು ಸುತ್ತಲಿನ ಕಲ್ಲನ್ನಷ್ಟೇ ಕೊರೆದು ತೆಗೆದಿದ್ದಾರೆ. ಬರಹದ ಸಂದಿಗಳಿಂದಲೇ ಬೆಳಕು ಒಳಗೆ ಬರುತ್ತದೆ. ತಲೆಯೆತ್ತಿದರೆ ಇನ್ನೊಂದು ಸಾಹಸ: ಸುಮಾರು 12 ಮೀಟರ್ ಚೌಕದ ಕೋಣೆಯ ಚಾವಣಿಯ ನಡುಭಾಗ ಸಪಾಟಾಗಿದೆ. ಕಂಬವಿಲ್ಲ, ತೊಲೆಯಿಲ್ಲ. ಆ ಕಲ್ಲುಗಳನ್ನು ಹಿಡಿದಿಟ್ಟಿರುವುದು ಗಾರೆಯ ಬಿಗಿ.

ಪೇಟೆಯೊಳಗಿನ ಮೆಹತರ್ ಮಹಲಿನ ಮುಂದೆಯೂ ನಿಲ್ಲಬೇಕು. ಹೆಸರು ಮಹಲು, ನಿಜಕ್ಕೂ ಅದು ಮಸೀದಿಯೊಂದರ ಹೆಬ್ಬಾಗಿಲು. ಹೊರಚಾಚಿದ ಬಾಲ್ಕನಿಗೆ ಕೊಟ್ಟ ಆಸರೆಗಳನ್ನು ಬಡಗಿಯ ಕೆತ್ತನೆಯೆಂದೇ ಕಣ್ಣು ನಂಬುತ್ತದೆ. ಮುಟ್ಟಿದರೆ ತಣ್ಣನೆಯ ಕಲ್ಲು.

ಇಷ್ಟು ನೋಡಿ ಪಳಗಿದ ಕಣ್ಣಿನೊಡನೆ ಗೋಳಗುಮ್ಮಟಕ್ಕೆ ಬನ್ನಿ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾನ ಸಮಾಧಿಯಿದು. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ. ಕೆಳಗಿನ ಕೋಣೆ ಚೌಕ, ಮೇಲಿನ ಗುಮ್ಮಟ ದುಂಡು. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಮೇಲೇಳುತ್ತವೆ, ಮೂಲೆಗಳು ಕರಗುತ್ತವೆ, ಚೌಕ ನಕ್ಷತ್ರವಾಗುತ್ತದೆ, ನಕ್ಷತ್ರ ವೃತ್ತವಾಗುತ್ತದೆ. ಗುಮ್ಮಟದ ಭಾರ ಹೊರಕ್ಕೆ ತಳ್ಳಿದರೆ, ಒಳಕ್ಕೆ ಬಾಗಿದ ಈ ಕಮಾನುಗಳ ತೂಕ ಅದನ್ನು ತಡೆಯುತ್ತದೆ. ನಡುವೆ ಒಂದು ಕಂಬವೂ ಬೇಕಾಗದ ಗುಟ್ಟು ಇದೇ.

ಪ್ರತಿಧ್ವನಿ ಆ ಗುಮ್ಮಟದ ಸೊಗಸು, ನಿಜ. ಆದರೆ ಕಟ್ಟಿದವರ ಜಾಣ್ಮೆಯಿರುವುದು ಆ ಕಮಾನುಗಳಲ್ಲಿ. ಮುಂದಿನ ಸಲ ಹೋದಾಗ ಬೆಳಗ್ಗೆ ಬೇಗ ಹೋಗಿ, ಒಂದು ಮೂಲೆಯಲ್ಲಿ ನಿಂತು ಹತ್ತು ನಿಮಿಷ ಸುಮ್ಮನೆ ಮೇಲೆ ನೋಡಿ. ಮೆಟ್ಟಿಲನ್ನು ಆಮೇಲೆ ಹತ್ತಿದರಾಯಿತು.