ಹೋಮರ್ ಸುಡದ ಊರು

ಟ್ರಾಯ್ ಎಂದೊಡನೆ ಮರದ ಕುದುರೆ, ಹೊತ್ತಿ ಉರಿಯುವ ಕೋಟೆ ನೆನಪಾಗುತ್ತವೆ. ಆದರೆ 'ಇಲಿಯಡ್'ನ 24 ಸರ್ಗಗಳಲ್ಲಿ ಈ ಎರಡೂ ಘಟನೆಗಳು ನಡೆಯುವುದಿಲ್ಲ. ಹೆಕ್ಟರನ ಅಂತ್ಯಕ್ರಿಯೆಯೊಂದಿಗೆ ಕಾವ್ಯ ಮುಗಿಯುವಾಗ ಊರಿನ ಗೋಡೆಗಳು ಇನ್ನೂ ನಿಂತಿರುತ್ತವೆ. ಆದರೂ ಒಂದು ಊರು ನಾಶವಾದದ್ದನ್ನು ಕಂಡ ಭಾರ ಓದುಗನ ಎದೆಯಲ್ಲಿ ಉಳಿಯುತ್ತದೆ. ಇದು ಹೇಗೆ ಸಾಧ್ಯವಾಯಿತು?

ಈ ಕಾವ್ಯದಲ್ಲಿ ಗ್ರೀಕರಿಗೆ ಇರುವುದು ಹಡಗುಗಳ ಪಕ್ಕದ ಪಾಳೆಯ ಮಾತ್ರ. ಅಲ್ಲಿರುವ ಹೆಂಗಸರು ಸೆರೆಯಾಳುಗಳು. ಮನೆ, ಮಗ್ಗ, ಕಂಕುಳ ಕೂಸು, ಮುದಿ ತಂದೆತಾಯಿ ಎಲ್ಲವೂ ಇರುವುದು ಶತ್ರುವಿನ ಊರಿನಲ್ಲಿ. ಆರನೇ ಸರ್ಗದಲ್ಲಿ ಅಪ್ಪನ ಶಿರಸ್ತ್ರಾಣದ ತುರಾಯಿ ಕಂಡು ಹೆದರಿ ಅಳುವ ಮಗುವಿಗೆ ಊರವರು ಇಟ್ಟ ಹೆಸರು ಅಸ್ತ್ಯಾನಾಕ್ಸ್, ಎಂದರೆ ನಗರದೊಡೆಯ. 22ನೇ ಸರ್ಗದಲ್ಲಿ ಅಕಿಲೀಸ್ ಹೆಕ್ಟರನನ್ನು ಬೆನ್ನಟ್ಟುವಾಗ, ಆ ಉಸಿರುಗಟ್ಟಿಸುವ ಓಟದ ನಡುವೆ, ಕವಿ ಎರಡು ಚಿಲುಮೆಗಳನ್ನೂ ಕಲ್ಲಿನ ತೊಟ್ಟಿಗಳನ್ನೂ ತೋರಿಸುತ್ತಾನೆ. ಯುದ್ಧಕ್ಕೆ ಮೊದಲು ಟ್ರಾಯಿನ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಜಾಗ ಅದು. ಹೆಕ್ಟರ್ ಸತ್ತದ್ದು ತಿಳಿಯದ ಆಂಡ್ರೊಮಕೆ ಅವನ ಸ್ನಾನಕ್ಕೆ ನೀರು ಕಾಯಿಸಲು ದಾಸಿಯರಿಗೆ ಹೇಳುತ್ತಾಳೆ. ಅತ್ತ ಗೋಡೆಯ ಮೇಲೆ ಎದ್ದ ಗೋಳು, ಇಡೀ ಊರೇ ಹೊತ್ತಿ ಉರಿದಂತಿತ್ತು ಎನ್ನುತ್ತಾನೆ ಹೋಮರ್. ಟ್ರಾಯ್ ಇಲ್ಲಿ ಸುಡುವುದು ಉಪಮೆಯಲ್ಲಿ ಮಾತ್ರ.

ಇಷ್ಟಕ್ಕೇ ಹೋಮರನನ್ನು ಯುದ್ಧವಿರೋಧಿ ಕವಿ ಎನ್ನುವುದು ನನಗೆ ಆತುರದ ಮಾತಾಗಿ ಕಾಣುತ್ತದೆ. ತಾನು 23 ಪಟ್ಟಣಗಳನ್ನು ಸೂರೆಮಾಡಿದೆನೆಂದು ಅಕಿಲೀಸ್ ಲೆಕ್ಕ ಹೇಳುತ್ತಾನೆ. ಆ ಜಗತ್ತಿನಲ್ಲಿ ಅದು ಕೀರ್ತಿಯ ಲೆಕ್ಕ. ಆಂಡ್ರೊಮಕೆಯ ತವರು ಥೀಬಿಯನ್ನು ಹಾಳುಮಾಡಿ, ಅವಳ ತಂದೆಯನ್ನೂ ಏಳು ಅಣ್ಣತಮ್ಮಂದಿರನ್ನೂ ಕೊಂದವನು ಅವನೇ. ಕಾವ್ಯ ಅವನ ಕೀರ್ತಿಯನ್ನು ಅಲ್ಲಗಳೆಯುವುದಿಲ್ಲ. ಅದರ ಬೆಲೆ ತೆತ್ತವರ ಮನೆಯೊಳಕ್ಕೆ ನಮ್ಮನ್ನು ಕರೆದೊಯ್ಯುತ್ತದೆ, ಅಷ್ಟೆ. ಕೀರ್ತಿ ಮತ್ತು ಅಳಲು ಎರಡನ್ನೂ ಒಟ್ಟಿಗೆ ಹಿಡಿಯುವುದೇ ಇದನ್ನು ಓದುವ ಕಷ್ಟ.

ಕುದುರೆಯ ಕಥೆ ವಿವರವಾಗಿ ಬರುವುದು 'ಒಡಿಸ್ಸಿ'ಯಲ್ಲಿ. ಎಂಟನೇ ಸರ್ಗದಲ್ಲಿ ಒಡಿಸ್ಯೂಸನೇ ಕೇಳಿಕೊಂಡದ್ದರಿಂದ ಕುರುಡ ಗಾಯಕ ಡೆಮೊಡೊಕಸ್ ಅದನ್ನು ಹಾಡುತ್ತಾನೆ. ತನ್ನದೇ ಗೆಲುವಿನ ಹಾಡು ಕೇಳಿ ಒಡಿಸ್ಯೂಸ್ ಅಳುತ್ತಾನೆ. ಯಾರಂತೆ? ಊರು ಕಾಯುತ್ತ ಬಿದ್ದ ಗಂಡನ ಮೈಮೇಲೆ ಬಿದ್ದು ರೋದಿಸುವ, ಹಿಂದಿನಿಂದ ಶತ್ರುಗಳ ಈಟಿ ತಿವಿಸಿಕೊಳ್ಳುತ್ತ ದಾಸ್ಯಕ್ಕೆ ಹೊರಟ ಹೆಣ್ಣಿನಂತೆ. ಅವಳಿಗೆ ಹೆಸರಿಲ್ಲ, ಅವಳ ಊರಿಗೂ ಹೆಸರಿಲ್ಲ. ಆದರೆ 'ಇಲಿಯಡ್' ಓದಿ ಬಂದವರು ಅವಳಲ್ಲಿ ಆಂಡ್ರೊಮಕೆಯನ್ನು ಕಾಣದಿರುವುದು ಕಷ್ಟ.